ಎರಡು ಆಸನದ ಸ್ಪಿಟ್‌ಫೈರ್‌ಗಳಲ್ಲಿ ಯಾವುದನ್ನು ಏರಬೇಕು? ಯುದ್ಧದ ಚರಿತ್ರೆಯನ್ನು ಮುಂದಿಟ್ಟುಕೊಂಡು ಒಂದು ಹೋಲಿಕೆ

ಎರಡನೆಯ ಮಹಾಯುದ್ಧದಲ್ಲಿ ಹೆಸರಾದ ಬ್ರಿಟನ್ನಿನ ಸ್ಪಿಟ್‌ಫೈರ್ ಯುದ್ಧವಿಮಾನದ ಹಿಂದಿನ ಆಸನದಲ್ಲಿ ಇಂಗ್ಲೆಂಡಿನಲ್ಲಿ ಇಂದು ಹಣ ಕೊಟ್ಟು ಹಾರಬಹುದು. ಅರ್ಧ ಗಂಟೆಯ ಹಾರಾಟಕ್ಕೆ ಹೆಚ್ಚುಕಡಿಮೆ 3,000 ಪೌಂಡ್ ಬೀಳುತ್ತದೆ. ನಮ್ಮ ಲೆಕ್ಕದಲ್ಲಿ ಮೂರು ಲಕ್ಷ ರೂಪಾಯಿಗೂ ಮೇಲೆ. ಇಷ್ಟು ಹಣ ತೆರುವವರು ಸಾಮಾನ್ಯವಾಗಿ ವಿಚಾರಿಸುವುದು ನಿಲ್ದಾಣ ಎಷ್ಟು ದೂರ, ಯಾವ ದಿನ ಖಾಲಿ ಇದೆ, ದರದಲ್ಲಿ ರಿಯಾಯಿತಿ ಉಂಟೇ ಎಂದು. ಯಾವ ವಿಮಾನ ಎಂದು ಕೇಳುವವರು ಕಡಿಮೆ. ಎಲ್ಲವೂ ಸ್ಪಿಟ್‌ಫೈರ್ ಅಲ್ಲವೇ, ಎಲ್ಲವೂ ಯುದ್ಧ ಕಂಡವುಗಳೇ ಅಲ್ಲವೇ ಎಂಬ ಭಾವನೆ.

ಅದು ನಿಜವಲ್ಲ. ಈ ವಿಮಾನಗಳಲ್ಲಿ ಒಂದು, ಮಿತ್ರಪಡೆಗಳು ಫ್ರಾನ್ಸಿನ ನಾರ್ಮಂಡಿ ತೀರಕ್ಕೆ ಇಳಿದ ಮೊದಲ ದಿನವೇ ಅಲ್ಲಿನ ಆಕಾಶದಲ್ಲಿ ಕಾದಾಡಿದೆ. ಇನ್ನೊಂದು ರಣರಂಗದ ಮುಖವನ್ನೇ ಕಂಡಿಲ್ಲ. ಮತ್ತೊಂದು ಗುಂಡೇಟು ತಿಂದು ಫ್ರಾನ್ಸಿನ ನೆಲಕ್ಕೆ ಬಿದ್ದು, ಎಪ್ಪತ್ತು ವರ್ಷಗಳ ಮೇಲೆ ಬಹುಪಾಲು ಹೊಸದಾಗಿ ಕಟ್ಟಿಸಿಕೊಂಡು ಮೇಲೆದ್ದಿದೆ. ಮೂರೂ ಒಂದೇ ಬಣ್ಣದಲ್ಲಿ, ರೆಕ್ಕೆಗೆ ಕಪ್ಪುಬಿಳಿ ಪಟ್ಟೆ ಹೊಡೆದುಕೊಂಡು ನಿಂತರೆ ಹೊರನೋಟಕ್ಕೆ ವ್ಯತ್ಯಾಸ ತಿಳಿಯುವುದೇ ಇಲ್ಲ. ಆದ್ದರಿಂದ ದರಪಟ್ಟಿಗಿಂತ ಮೊದಲು ಬಾಲದ ಹತ್ತಿರ ಬರೆದಿರುವ ಸೀರಿಯಲ್ ಸಂಖ್ಯೆಯನ್ನು ನೋಡಬೇಕು ಎನ್ನುವುದು ನನ್ನ ಗಟ್ಟಿಯಾದ ಅಭಿಪ್ರಾಯ.

ಎರಡನೆಯ ಆಸನ ಬಂದದ್ದು ಯುದ್ಧ ಮುಗಿದ ಮೇಲೆ

ಯುದ್ಧಕಾಲದ ಸ್ಪಿಟ್‌ಫೈರ್ ಒಬ್ಬನೇ ಕೂರುವ ವಿಮಾನ. ಹೊಸ ಪೈಲಟ್ ಹಾರ್ವರ್ಡ್‌ನಂತಹ ತರಬೇತಿ ವಿಮಾನದಲ್ಲಿ ಪಳಗಿ, ಸ್ಪಿಟ್‌ಫೈರಿನ ಕಾಕ್‌ಪಿಟ್ಟಿನಲ್ಲಿ ಯಾವ ಹಿಡಿ ಎಲ್ಲಿದೆ ಎಂಬುದನ್ನು ಬಾಯಿಪಾಠ ಮಾಡಿಕೊಂಡು, ಮೊದಲ ಹಾರಾಟವನ್ನೇ ಒಂಟಿಯಾಗಿ ಮಾಡಬೇಕಿತ್ತು. ಹಿಂದೆ ಕುಳಿತು ತಿದ್ದುವ ಗುರು ಇರಲಿಲ್ಲ. ಸಿಸಿಲಿಯಲ್ಲಿ ಒಂದು ಸ್ಪಿಟ್‌ಫೈರಿಗೆ ಅಲ್ಲಿದ್ದ ಬ್ರಿಟಿಷ್ ವಾಯುಪಡೆಯವರೇ ಎರಡನೆಯ ಕಾಕ್‌ಪಿಟ್ ಜೋಡಿಸಿಕೊಂಡದ್ದುಂಟು. ಸೋವಿಯತ್ ಒಕ್ಕೂಟದವರೂ ತಮಗೆ ಬಂದ ಸ್ಪಿಟ್‌ಫೈರ್‌ಗಳಲ್ಲಿ ಕೆಲವನ್ನು ತರಬೇತಿಗೆಂದು ಮಾರ್ಪಡಿಸಿದರು. ಅಷ್ಟು ಬಿಟ್ಟರೆ ಎರಡು ಆಸನದ ಸ್ಪಿಟ್‌ಫೈರ್ ಯುದ್ಧದ ಕೂಸಲ್ಲ.

ಸ್ಪಿಟ್‌ಫೈರ್ ತಯಾರಕರಾದ ವಿಕರ್ಸ್ ಕಂಪನಿ 1946ರಲ್ಲಿ ಎಂಟನೆಯ ಮಾದರಿಯ ಒಂದು ವಿಮಾನವನ್ನು ತೆಗೆದುಕೊಂಡು, ಮುಂದಿನ ಕಾಕ್‌ಪಿಟ್ಟನ್ನು ಹದಿಮೂರೂವರೆ ಇಂಚು ಮುಂದಕ್ಕೆ ಸರಿಸಿ, ಅದರ ಹಿಂದೆ ಸ್ವಲ್ಪ ಎತ್ತರದಲ್ಲಿ ಇನ್ನೊಂದು ಕಾಕ್‌ಪಿಟ್ ಕೂರಿಸಿತು. ಪೈಲಟ್ಟಿನ ಮುಂದೆ ಇದ್ದ ಇಂಧನದ ಟ್ಯಾಂಕ್ ಇದರಿಂದ ಚಿಕ್ಕದಾಯಿತು. ಕಡಿಮೆಯಾದ ಇಂಧನಕ್ಕೆ ರೆಕ್ಕೆಗಳಲ್ಲಿ ಜಾಗ ಮಾಡಬೇಕಾಯಿತು. ಬ್ರಿಟನ್ನಿನ ವಾಯುಪಡೆ ಇದನ್ನು ಕೊಳ್ಳಲಿಲ್ಲ. ಬೇರೆ ದೇಶಗಳು ಕೊಂಡವು. ಒಂಬತ್ತನೆಯ ಮಾದರಿಯ ಇಪ್ಪತ್ತು ಹಳೆಯ ವಿಮಾನಗಳು ಹೀಗೆ ಮಾರ್ಪಾಟಾದವು: ಭಾರತಕ್ಕೆ 10, ಐರ್ಲೆಂಡಿಗೆ 6, ನೆದರ್ಲೆಂಡ್ಸಿಗೆ 3, ಈಜಿಪ್ಟಿಗೆ 1. ಸ್ವತಂತ್ರ ಭಾರತದ ವಾಯುಪಡೆಯೇ ಇವುಗಳ ಅತಿ ದೊಡ್ಡ ಗಿರಾಕಿಯಾಗಿತ್ತು ಎಂಬುದು ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ.

ಹಾಗಾಗಿ ಯಾವುದೇ ಎರಡು ಆಸನದ ಸ್ಪಿಟ್‌ಫೈರ್ ಬಗ್ಗೆ ‘ಇದು ಯುದ್ಧ ಮಾಡಿದ ವಿಮಾನ’ ಎಂದಾಗ, ಅದು ಒಂಟಿ ಆಸನದ ರೂಪದಲ್ಲಿದ್ದಾಗಿನ ಮಾತು ಎಂದು ತಿಳಿಯಬೇಕು. ನೀವು ಕೂರುವ ಜಾಗ ಆಗ ಇರಲೇ ಇಲ್ಲ. ಇದು ತಿಳಿದ ಮೇಲೆ ಹೋಲಿಕೆಗೆ ಅರ್ಥ ಬರುವುದು ಇನ್ನೊಂದು ಕಡೆಯಿಂದ: ಈ ವಿಮಾನ ಸ್ವತಃ ಯುದ್ಧದಲ್ಲಿ ಹಾರಿತ್ತೇ, ಮಾರ್ಪಾಟಾದದ್ದು 1950ರ ಸುಮಾರಿಗೋ ಇತ್ತೀಚೆಗೋ, ಕಾರ್ಖಾನೆಯಿಂದ ಹೊರಬಂದ ದಿನದಿಂದ ಇಂದಿನವರೆಗೆ ಅದರ ಬದುಕು ಎಲ್ಲಾದರೂ ಕಡಿದುಹೋಗಿದೆಯೇ. ನನಗೆ ಕೊನೆಯದೇ ಎಲ್ಲಕ್ಕಿಂತ ಮುಖ್ಯ. ಎಷ್ಟು ಶತ್ರುವಿಮಾನ ಉರುಳಿಸಿತು ಎಂಬುದು ಅದರ ನಂತರದ ಪ್ರಶ್ನೆ.

ಎಂಎಲ್ 407: ನನ್ನ ಮೊದಲ ಆಯ್ಕೆ

ಬರ್ಮಿಂಗ್‌ಹ್ಯಾಮ್ ಬಳಿಯ ಕ್ಯಾಸಲ್ ಬ್ರಾಮಿಚ್ ಕಾರ್ಖಾನೆಯಲ್ಲಿ 1944ರ ಆರಂಭದಲ್ಲಿ ತಯಾರಾದ ಒಂಬತ್ತನೆಯ ಮಾದರಿಯ ವಿಮಾನ ಇದು. ಜರ್ಮನಿಯ ಫೊಕ್-ವುಲ್ಫ್ 190 ಯುದ್ಧವಿಮಾನಕ್ಕೆ ಉತ್ತರವಾಗಿ 1942ರಲ್ಲಿ ತರಾತುರಿಯಲ್ಲಿ ಹೊರತಂದ ಮಾದರಿ ಅದು. ಎರಡು ಹಂತದ ಸೂಪರ್‌ಚಾರ್ಜರ್ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ) ಇದ್ದ ಮರ್ಲಿನ್ ಎಂಜಿನ್ ಅದರ ಜೀವಾಳ. ರೆಕ್ಕೆಗಳಲ್ಲಿ ಎರಡು 20 ಮಿಲಿಮೀಟರ್ ಫಿರಂಗಿ, ನಾಲ್ಕು ಮಷಿನ್‌ಗನ್.

1944ರ ಏಪ್ರಿಲ್ 29ರಂದು ಈ ವಿಮಾನವನ್ನು ನ್ಯೂಜಿಲೆಂಡಿನವರ 485ನೆಯ ಸ್ಕ್ವಾಡ್ರನ್ನಿಗೆ (ಸ್ಕ್ವಾಡ್ರನ್ ಎಂದರೆ ವಾಯುಪಡೆಯ ಒಂದು ದಳ) ಹಾರಿಸಿಕೊಂಡು ಬಂದು ಒಪ್ಪಿಸಿದವರು ಜಾಕಿ ಮಾಗ್ರಿಜ್. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಇವರು ಏರ್ ಟ್ರಾನ್ಸ್‌ಪೋರ್ಟ್ ಆಕ್ಸಿಲಿಯರಿಯ ಪೈಲಟ್. ಕಾರ್ಖಾನೆಗಳಿಂದ ನೆಲೆಗಳಿಗೆ ವಿಮಾನ ಮುಟ್ಟಿಸುವುದು ಆ ಪಡೆಯ ಕೆಲಸ. ಹೆಚ್ಚು ಪದಕ ತರದ ಆ ಕೆಲಸ ನಿಂತಿದ್ದರೆ ಯುದ್ಧವೇ ನಿಲ್ಲುತ್ತಿತ್ತು. ಇಂಥ ಹೆಸರು ವಿಮಾನದ ಚರಿತ್ರೆಯ ಮೊದಲ ಸಾಲಿನಲ್ಲೇ ಇರುವುದು ನನಗೆ ತುಂಬ ಹಿಡಿಸುತ್ತದೆ.

ವಿಮಾನ ಸೇರಿದ್ದು ಫ್ಲೈಯಿಂಗ್ ಆಫೀಸರ್ ಜಾನಿ ಹೌಲ್ಟನ್ ಕೈಗೆ. ಜೂನ್ 6ರಂದು, ಮಿತ್ರಪಡೆಗಳು ನಾರ್ಮಂಡಿಯ ತೀರಕ್ಕೆ ಇಳಿದ ದಿನ, 485ನೆಯ ಸ್ಕ್ವಾಡ್ರನ್ ಸಸೆಕ್ಸಿನ ಸೆಲ್ಸಿ ನೆಲೆಯಿಂದ ಹಾರುತ್ತಿತ್ತು. ಅಂದು ಮಧ್ಯಾಹ್ನದ ಗಸ್ತಿನಲ್ಲಿ ಹೌಲ್ಟನ್ ಜರ್ಮನಿಯ ಒಂದು ಯುಂಕರ್ಸ್ 88 ಬಾಂಬರ್ ವಿಮಾನವನ್ನು ಕಂಡು ಬೆನ್ನಟ್ಟಿ ಉರುಳಿಸಿದರು. ಚಲಿಸುವ ಗುರಿಯ ಎಷ್ಟು ಮುಂದಕ್ಕೆ ಗುಂಡು ಹಾರಿಸಬೇಕೆಂದು ತೋರಿಸುವ, ಆಗಷ್ಟೇ ಬಂದಿದ್ದ ಗೈರೊ ಗುರಿಯಂತ್ರ ಅವರ ನೆರವಿಗಿತ್ತು. ದಾಳಿ ಆರಂಭವಾದ ಮೇಲೆ ಆ ತೀರದ ಮೇಲೆ ಬಿದ್ದ ಮೊದಲ ಶತ್ರುವಿಮಾನ ಎಂಬ ಮನ್ನಣೆ ಅದಕ್ಕೆ ಸಂದಿತು. ಅದೇ ಗಸ್ತಿನಲ್ಲಿ ಇನ್ನೊಂದು ಯುಂಕರ್ಸ್ ಉರುಳಿಸುವುದರಲ್ಲೂ ಹೌಲ್ಟನ್ ಪಾಲುದಾರರು.

ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಈ ವಿಮಾನದ ಹೆಚ್ಚಿನ ದುಡಿಮೆ ಆಮೇಲಿನದು. 1944ರ ಕೊನೆಯಲ್ಲಿ ಸ್ವತಂತ್ರ ಫ್ರೆಂಚರ 341ನೆಯ ಸ್ಕ್ವಾಡ್ರನ್ನಿಗೆ ಹೋಯಿತು; ಅಲ್ಲಿಂದ ಪೋಲೆಂಡಿನವರ 308, ಬೆಲ್ಜಿಯಮ್ಮಿನವರ 349, ಮತ್ತೆ ಫ್ರೆಂಚರ 345, ನಾರ್ವೆಯವರ 332, ಕೊನೆಗೆ ತಿರುಗಿ 485. ಒಟ್ಟು 176 ಯುದ್ಧ ಹಾರಾಟ. ತಾಯ್ನಾಡು ಜರ್ಮನರ ಬೂಟಿನಡಿ ನಲುಗಿದ ನಾಲ್ಕು ದೇಶಗಳ ಹುಡುಗರು ಒಬ್ಬರ ನಂತರ ಒಬ್ಬರು ಇದೇ ಆಸನದಲ್ಲಿ ಕುಳಿತು, ಇದೇ ಹಿಡಿ ಹಿಡಿದು ಮನೆಯ ದಿಕ್ಕಿಗೆ ಹೋರಾಡಿದರು. ಒಂದು ಯುಂಕರ್ಸ್ ಉರುಳಿದ ಸುದ್ದಿಗಿಂತ ಇದು ನನ್ನನ್ನು ಹೆಚ್ಚು ಕಲಕುತ್ತದೆ.

1950ರಲ್ಲಿ ವಿಕರ್ಸ್ ಇದನ್ನು ಎರಡು ಆಸನಕ್ಕೆ ಬದಲಾಯಿಸಿತು, 1951ರಲ್ಲಿ ಐರ್ಲೆಂಡಿನ ವಾಯುಪಡೆಗೆ 162 ಎಂಬ ಸಂಖ್ಯೆಯಲ್ಲಿ ಸೇರಿತು. ಯುದ್ಧದಲ್ಲಿ ತಟಸ್ಥವಾಗಿದ್ದ ದೇಶದ ಪೈಲಟ್‌ಗಳು ಯುದ್ಧದಲ್ಲಿ ಸವೆದ ವಿಮಾನದಲ್ಲಿ ಕಲಿತರು. ಅಲ್ಲಿ ನಿವೃತ್ತಿಯಾದ ಮೇಲೆ ಕೈ ಬದಲಾಗಿ, ಬಿಚ್ಚಿದ ಭಾಗಗಳಾಗಿ 1979ರಲ್ಲಿ ನಿಕ್ ಗ್ರೇಸ್ ಎಂಬ ಎಂಜಿನಿಯರ್ ಬಳಿ ಬಂತು. ಅವರು ಐದಾರು ವರ್ಷ ದುಡಿದು 1985ರ ಏಪ್ರಿಲ್‌ನಲ್ಲಿ ಮತ್ತೆ ಹಾರಿಸಿದರು. ಹಿಂದಿನ ಕಾಕ್‌ಪಿಟ್ಟಿನ ಉಬ್ಬಿದ ಗಾಜಿನ ಗುಮ್ಮಟವನ್ನು ತೆಗೆದು, ವಿಮಾನದ ಬೆನ್ನಿನ ರೇಖೆಗೆ ಹೊಂದುವಂತೆ ತಗ್ಗಾದ ಮುಚ್ಚಳ ರೂಪಿಸಿದ್ದೂ ಅವರೇ. 1988ರಲ್ಲಿ ಅವರು ಕಾರು ಅಪಘಾತದಲ್ಲಿ ತೀರಿಕೊಂಡರು. ಪತ್ನಿ ಕ್ಯಾರೊಲಿನ್ ಗ್ರೇಸ್ ಈ ವಿಮಾನವನ್ನು ಮಾರಲಿಲ್ಲ. ತಾವೇ ಹಾರಿಸಲು ಕಲಿತು 1990ರಲ್ಲಿ ಒಬ್ಬರೇ ಹಾರಿದರು, ಮುಂದೆ ದಶಕಗಳ ಕಾಲ ಹಾರಿಸಿದರು. 1994ರಲ್ಲಿ, ಮೊದಲು ತಂದೊಪ್ಪಿಸಿ ಐವತ್ತು ವರ್ಷವಾದಾಗ, ಜಾಕಿ ಮಾಗ್ರಿಜ್ ಇದೇ ವಿಮಾನದಲ್ಲಿ ಕ್ಯಾರೊಲಿನ್ ಜೊತೆ ಮತ್ತೆ ಹಾರಿದರು. 2022ರಲ್ಲಿ ಕ್ಯಾರೊಲಿನ್ ಕೂಡ ಆಸ್ಟ್ರೇಲಿಯಾದಲ್ಲಿ ರಸ್ತೆ ಅಪಘಾತದಲ್ಲಿ ಹೋದರು. ಆಮೇಲೂ ವಿಮಾನ ಕುಟುಂಬದ ಕೈಯಲ್ಲೇ ಉಳಿಯಿತು; ನಾರ್ಥಾಂಪ್ಟನ್‌ಷೈರಿನ ಸೈವೆಲ್ ನಿಲ್ದಾಣ ಅದರ ನೆಲೆ.

ಕಾರ್ಖಾನೆ, ಯುದ್ಧ, ಐರ್ಲೆಂಡ್, ಗ್ರೇಸ್ ಮನೆತನ: ಎಲ್ಲಿಯೂ ಕೊಂಡಿ ಕಳಚಿಲ್ಲ. ಲಂಡನ್ನಿನಿಂದ ಸ್ವಲ್ಪ ದೂರ ಎಂಬುದೊಂದೇ ಕೊರತೆ. ಯುದ್ಧದ ಚರಿತ್ರೆಗಾಗಿಯೇ ಹೋಗುವವರಿಗೆ ಅದು ಕೊರತೆಯೇ ಅಲ್ಲ.

ಎಂಜೆ 627 ಮತ್ತು ಪಿವಿ 202

ಇವೆರಡೂ ಐರ್ಲೆಂಡಿನ ಆ ಆರರ ಗುಂಪಿನವೇ. ಎರಡೂ ಯುದ್ಧ ಮಾಡಿದವು. ಸೈವೆಲ್‌ಗೆ ಹೋಗಲಾಗದಿದ್ದರೆ ಇವುಗಳಲ್ಲಿ ಯಾವುದನ್ನು ಆರಿಸಿಕೊಂಡರೂ ಪಶ್ಚಾತ್ತಾಪ ಪಡಬೇಕಿಲ್ಲ.

ಎಂಜೆ 627 ಕೆನಡಾದವರ 441ನೆಯ ಸ್ಕ್ವಾಡ್ರನ್ನಿನಲ್ಲಿ ದುಡಿದದ್ದು. 1944ರ ಸೆಪ್ಟೆಂಬರಿನಲ್ಲಿ ಹಾಲೆಂಡಿನ ಆರ್ನೆಮ್ ಸೇತುವೆಗಾಗಿ ನಡೆದ ಕಾದಾಟದ ದಿನಗಳಲ್ಲಿ ಆ ಭಾಗದ ಆಕಾಶದಲ್ಲಿ ಜರ್ಮನಿಯ ಒಂದು ಮೆಸರ್‌ಷ್ಮಿಟ್ 109 ಯುದ್ಧವಿಮಾನವನ್ನು ಉರುಳಿಸಿದ ದಾಖಲೆ ಇದರದು. ಆಗ ಹಾರಿಸುತ್ತಿದ್ದವರು ಸಿಡ್ನಿ ಬ್ರೆಗ್ಮನ್. ಐರ್ಲೆಂಡಿನಲ್ಲಿ ಇದರ ಸಂಖ್ಯೆ 158. ದಕ್ಷಿಣ ಲಂಡನ್ನಿನ ಅಂಚಿನಲ್ಲಿರುವ ಬಿಗಿನ್ ಹಿಲ್‌ನಿಂದ ಪ್ರಯಾಣಿಕರನ್ನು ಹೊತ್ತು ಹಾರುತ್ತಾ ಬಂದಿದೆ. ಬಿಗಿನ್ ಹಿಲ್ ಎಂದರೆ, ಬ್ರಿಟನ್ ಜರ್ಮನ್ ವಾಯುಪಡೆಯಿಂದ ತನ್ನ ಆಕಾಶ ಕಾದುಕೊಂಡ 1940ರ ‘ಬ್ಯಾಟಲ್ ಆಫ್ ಬ್ರಿಟನ್’ ಕಾಲದಲ್ಲಿ ಮೇಲಿಂದ ಮೇಲೆ ಬಾಂಬ್ ತಿಂದೂ ಮುಚ್ಚದೆ ನಿಂತ ನೆಲೆ. ಯುದ್ಧ ಮಾಡಿದ ವಿಮಾನ, ಯುದ್ಧ ಕಂಡ ರನ್‌ವೇ ಎರಡೂ ಒಟ್ಟಿಗೆ ಬೇಕು ಎನ್ನುವವರಿಗೆ ಇದಕ್ಕಿಂತ ಹೊಂದುವ ಜೋಡಿ ಕಡಿಮೆ. ಲಂಡನ್ನಿನಲ್ಲಿರುವ ಮಗನ ಮನೆಯಲ್ಲಿ ಉಳಿದುಕೊಂಡು ಒಂದು ದಿನದಲ್ಲಿ ಮುಗಿಸಿಕೊಂಡು ಬರುವ ಅಪ್ಪ ಅಮ್ಮಂದಿರಿಗೆ ಅನುಕೂಲವೂ ಇದೇ.

ಪಿವಿ 202 ಮೊದಲು 33ನೆಯ, ಆಮೇಲೆ ಕೆನಡಾದವರ 412ನೆಯ ಸ್ಕ್ವಾಡ್ರನ್ನಿನಲ್ಲಿ, ಯುದ್ಧದ ಕೊನೆಯ ತಿಂಗಳುಗಳಲ್ಲಿ ಯುರೋಪಿನ ನೆಲದ ಮೇಲೆ ಹೋರಾಡಿತು. ಐರ್ಲೆಂಡಿನಲ್ಲಿ 161. ಇದರ ವಿಷಯದಲ್ಲಿ ಒಂದನ್ನು ಮುಚ್ಚಿಡಬಾರದು: 2000ದ ಏಪ್ರಿಲ್‌ನಲ್ಲಿ ದಕ್ಷಿಣ ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ ಇದು ಅಪಘಾತಕ್ಕೀಡಾಗಿ ಒಳಗಿದ್ದ ಇಬ್ಬರೂ ಸತ್ತರು. ನಂತರ ಇದನ್ನು ಕೇಂಬ್ರಿಜ್ ಹತ್ತಿರದ ಡಕ್ಸ್‌ಫರ್ಡ್‌ನಲ್ಲಿ ಪುನಃ ಕಟ್ಟಲಾಯಿತು. ಈ ಕೆಲಸ ಮಾಡಿದವರ ಕೌಶಲಕ್ಕೆ ಈ ಲೋಕದಲ್ಲಿ ಬಹಳ ಗೌರವವಿದೆ. ಆದರೆ ಲೋಹದ ಅಖಂಡತೆಯನ್ನು ನೋಡುವ ನನ್ನಂಥವನಿಗೆ ಎಂಜೆ 627 ಒಂದು ಹೆಜ್ಜೆ ಮುಂದೆ. ಡಕ್ಸ್‌ಫರ್ಡ್‌ನ ಆಕರ್ಷಣೆ ಬೇರೆಯೇ. ಅಲ್ಲಿ ಇಂಪೀರಿಯಲ್ ವಾರ್ ಮ್ಯೂಸಿಯಮ್ ಇದೆ, ಸ್ಪಿಟ್‌ಫೈರ್ 1938ರಲ್ಲಿ ಮೊದಲು ಸೇವೆಗೆ ಸೇರಿದ್ದೂ ಅಲ್ಲಿಯೇ. ಕುಟುಂಬದಲ್ಲಿ ಒಬ್ಬರು ಮಾತ್ರ ಹಾರಿ, ಉಳಿದವರು ದಿನವಿಡೀ ನೋಡಲು ಏನಾದರೂ ಬೇಕೆಂದರೆ ಡಕ್ಸ್‌ಫರ್ಡ್ ಅನ್ನು ಮೀರಿಸುವ ಜಾಗವಿಲ್ಲ.

ಬಿದ್ದು ಎದ್ದವು: ಎನ್‌ಎಚ್ 341

ಎನ್‌ಎಚ್ 341ರ ಯುದ್ಧದ ಬದುಕು ಒಂದು ತಿಂಗಳೂ ಪೂರ್ತಿಯಾಗಲಿಲ್ಲ. 1944ರ ಜೂನ್‌ನಲ್ಲಿ ಕೆನಡಾದವರ 411ನೆಯ ಸ್ಕ್ವಾಡ್ರನ್ನಿಗೆ ಬಂತು. ಜುಲೈ 2ರಂದು ನಾರ್ಮಂಡಿಯ ಕಾನ್ ಪಟ್ಟಣದ ಸುತ್ತ ಫೊಕ್-ವುಲ್ಫ್‌ಗಳ ಜೊತೆ ನಡೆದ ಕಾಳಗದಲ್ಲಿ ಹೊಡೆತ ತಿಂದಿತು. ಪೈಲಟ್ ಜೇಮ್ಸ್ ಜೆಫ್ರಿ ಪ್ಯಾರಾಶೂಟ್ ಬಿಚ್ಚಿ ಇಳಿದು, ಶತ್ರುಗಳ ಕೈಗೆ ಸಿಗದೆ ಉಳಿದರು. ಅವಶೇಷಗಳಿಂದ ಹೊರಟು ಎರಡು ಆಸನದ ವಿಮಾನವಾಗಿ ಕಟ್ಟಿ 2017ರಲ್ಲಿ ಹಾರಿಸಿದರು. ‘ಎಲಿಜಬೆತ್’ ಎಂಬ ಹೆಸರನ್ನು ಮೂತಿಯ ಮೇಲೆ ಬರೆದುಕೊಂಡು ಕೆಂಟ್ ಪ್ರಾಂತ್ಯದ ಹೆಡ್‌ಕಾರ್ನ್‌ನಲ್ಲಿ ಹುಲ್ಲಿನ ರನ್‌ವೇಯಿಂದ ಹಾರುತ್ತದೆ. ಹುಲ್ಲಿನಿಂದ ಏರುವುದು ಆ ಕಾಲದ ರೂಢಿಗೆ ಹತ್ತಿರವಾದ ಅನುಭವ. ಅದಕ್ಕೆ ನಾನು ಅಂಕ ಕೊಡುತ್ತೇನೆ.

ಆದರೆ ಇಂಥ ವಿಮಾನದಲ್ಲಿ ಕಣ್ಣಿಗೆ ಕಾಣುವ ಹೆಚ್ಚಿನ ಲೋಹ ಹೊಸದು. ನೆಲ ಸೇರಿದ ವಿಮಾನದಿಂದ ಮತ್ತೆ ಬಳಸಬಹುದಾದದ್ದು ಸಿಗುವುದು ಸ್ವಲ್ಪವೇ. ಹೆಸರು, ಸಂಖ್ಯೆ, ಚರಿತ್ರೆ ನಿಜ. ಮುಟ್ಟಿದ ರೆಕ್ಕೆ ಅಂದಿನದಲ್ಲ. ಇದರಲ್ಲಿ ಮೋಸವೇನೂ ಇಲ್ಲ, ಕಟ್ಟುವವರು ಇದನ್ನು ಬಚ್ಚಿಡುವುದೂ ಇಲ್ಲ. ಆ ಪೈಲಟ್‌ನ, ಆ ದಿನದ ನೆನಪಿಗೆ ಗೌರವ ಸಲ್ಲಿಸಲು ಹೋಗುವವರಿಗೆ ಇದು ಯೋಗ್ಯ ಆಯ್ಕೆ. ಅಂದಿನ ಲೋಹವನ್ನೇ ಮುಟ್ಟಬೇಕು ಎನ್ನುವವರು ಐರ್ಲೆಂಡಿನ ಗುಂಪಿಗೇ ಹೋಗಲಿ.

ಯುದ್ಧ ಕಾಣದವು

ಗುಡ್‌ವುಡ್‌ನಲ್ಲಿ ಹೆಸರಾದ ಎಸ್‌ಎಂ 520 ಕಾರ್ಖಾನೆಯಿಂದ ಹೊರಬಂದದ್ದು 1944ರ ಕೊನೆಗೆ. ಕಾದಾಟಕ್ಕೆ ಹೋಗಲಿಲ್ಲ, ಯುದ್ಧಾನಂತರ ದಕ್ಷಿಣ ಆಫ್ರಿಕಾದ ವಾಯುಪಡೆಗೆ ಮಾರಾಟವಾಗಿ, ಅಲ್ಲಿ ಗುಜರಿ ಸೇರಿ, ಮತ್ತೆ ಇಂಗ್ಲೆಂಡಿಗೆ ಮರಳಿ ಎರಡು ಆಸನದ ವಿಮಾನವಾಯಿತು. ಹಾರಾಟದ ಸುಖಕ್ಕೆ, ಸಮುದ್ರತೀರದ ನೋಟಕ್ಕೆ ಇದರಲ್ಲಿ ಕೊರತೆಯಿಲ್ಲ. ಚರಿತ್ರೆಗಾಗಿ ಹಣ ಕೊಡುವವರಿಗೆ ಇದು ಸೂಕ್ತವಲ್ಲ.

ಎಂಟಿ 818 ಕೂಡ ರಣರಂಗಕ್ಕೆ ಹೋಗಲಿಲ್ಲ, ಆದರೂ ಅದರ ಮಾತು ಬೇರೆ. ಮೇಲೆ ಹೇಳಿದ ವಿಕರ್ಸ್‌ನ ಮೊತ್ತಮೊದಲ ಎರಡು ಆಸನದ ಸ್ಪಿಟ್‌ಫೈರ್ ಇದೇ. ಹಿಂದಿನ ಆಸನ ಎಂಬ ಕಲ್ಪನೆ ಲೋಹದಲ್ಲಿ ರೂಪ ಪಡೆದದ್ದು ಇದರಲ್ಲಿ. ಉಳಿದ ಎಲ್ಲಕ್ಕೂ ಇದು ಹಿರಿಯಣ್ಣ. ಎಂಜಿನಿಯರಿಂಗ್ ಚರಿತ್ರೆಯಲ್ಲಿ ಆಸಕ್ತಿಯಿರುವವರಿಗೆ ಇದನ್ನು ಎಸ್‌ಎಂ 520ಕ್ಕಿಂತ ಎಷ್ಟೋ ಮೇಲೆ ಇಡುತ್ತೇನೆ.

ಮೈಸೂರಿನ ಸ್ಕ್ವಾಡ್ರನ್

ಕನ್ನಡಿಗರಿಗೆ ಸ್ಪಿಟ್‌ಫೈರ್ ಜೊತೆ ನೇರವಾದ ನಂಟೊಂದಿದೆ. 1941ರಲ್ಲಿ ಮತ್ತೆ ಹುಟ್ಟುಹಾಕಿದ 129ನೆಯ ಸ್ಕ್ವಾಡ್ರನ್ನಿಗೆ, ಮೈಸೂರಿನಿಂದ ಬಂದ ದೇಣಿಗೆಯ ಗೌರವಾರ್ಥ, ‘ಮೈಸೂರು’ ಎಂಬ ಹೆಸರನ್ನೇ ಇಟ್ಟರು. ಅದರ ಲಾಂಛನ ನಮ್ಮ ಗಂಡಭೇರುಂಡ. ಆ ಸ್ಕ್ವಾಡ್ರನ್ 1942ರಲ್ಲಿ ಫ್ರಾನ್ಸಿನ ಡಿಯೆಪ್ ಬಂದರಿನ ಮೇಲೆ ಮಿತ್ರಪಡೆಗಳು ನಡೆಸಿದ ದಾಳಿಯಲ್ಲಿ ಸ್ಪಿಟ್‌ಫೈರ್ ಹಾರಿಸಿತು. 1944ರ ವಸಂತದಲ್ಲಿ ಅಮೆರಿಕದ ಮಸ್ಟಾಂಗ್ ವಿಮಾನಗಳಿಗೆ ಬದಲಾಯಿತು. ಮೇಲೆ ಹೇಳಿದ ಯಾವ ವಿಮಾನವೂ ಆ ಸ್ಕ್ವಾಡ್ರನ್ನಿನದಲ್ಲ. ಆದರೂ ಹಾರಾಟಕ್ಕೆ ಹೋದಾಗ ಅಲ್ಲಿನವರ ಬಳಿ ಈ ಹೆಸರು ಎತ್ತಿ ಮಾತಾಡಿ. ಸ್ಪಿಟ್‌ಫೈರ್ ಲೋಕದವರಿಗೆ ಇದು ಅಪರಿಚಿತವಲ್ಲ, ಮೈಸೂರು ಸೀಮೆಯವರು ಎದುರಿಗೆ ನಿಂತು ಹೇಳುವುದು ಮಾತ್ರ ಅಪರೂಪ.

ಚರಿತ್ರೆಯನ್ನು ನೀವೇ ಪರೀಕ್ಷಿಸಿ

ಜಾಹೀರಾತಿನ ಮಾತನ್ನು ಹಾಗೆಯೇ ನಂಬಬೇಕಾಗಿಲ್ಲ. ವಿಮಾನದ ಪಕ್ಕೆಯಲ್ಲಿ ದೊಡ್ಡದಾಗಿ ಬರೆದ ಅಕ್ಷರಗಳು ಸ್ಕ್ವಾಡ್ರನ್ನಿನ ಗುರುತು. ಸ್ಕ್ವಾಡ್ರನ್ ಬದಲಾದಂತೆ ಅವೂ ಬದಲಾಗುತ್ತಿದ್ದವು, ಇಂದಿನ ಮಾಲೀಕರು ಇಷ್ಟಬಂದ ಗುರುತು ಬಳಿಸಿಕೊಳ್ಳಲೂಬಹುದು. ಸೀರಿಯಲ್ ಸಂಖ್ಯೆ ಮಾತ್ರ ಕಾರ್ಖಾನೆಯಿಂದ ಬಂದದ್ದು. ದಾಖಲೆ ಹುಡುಕುವುದಕ್ಕೆ ಅದೇ ಕೀಲಿ.

ಪ್ರತಿ ವಿಮಾನ ಯಾವ ದಿನ ಯಾವ ಘಟಕಕ್ಕೆ ಹೋಯಿತು ಎಂಬುದು ‘ಫಾರ್ಮ್ 78’ ಎಂಬ ಚಲನೆಯ ಕಾರ್ಡಿನಲ್ಲಿದೆ. ಪ್ರತಿ ಸ್ಕ್ವಾಡ್ರನ್ ತನ್ನ ಕಾರ್ಯಾಚರಣೆಯ ದಿನಚರಿ ಇಟ್ಟಿತ್ತು. ಅದರ ‘ಫಾರ್ಮ್ 541’ ಹಾಳೆಗಳಲ್ಲಿ ಪ್ರತಿ ಹಾರಾಟಕ್ಕೂ ವಿಮಾನದ ಸಂಖ್ಯೆ, ಪೈಲಟ್‌ನ ಹೆಸರು, ಏರಿದ ಹೊತ್ತು, ಇಳಿದ ಹೊತ್ತು ಸಾಲುಸಾಲಾಗಿ ಸಿಗುತ್ತವೆ. ಈ ದಿನಚರಿಗಳು ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ, ‘ಏರ್ 27’ ಎಂಬ ಸರಣಿಯಡಿ ಅಂತರ್ಜಾಲದಲ್ಲೂ ಸಿಗುತ್ತವೆ. ಹುಬ್ಬಳ್ಳಿಯ ಮನೆಯಲ್ಲಿ ಕುಳಿತು 1944ರ ಜೂನ್ ತಿಂಗಳ ಹಾಳೆ ತೆರೆದು, ನೀವು ಏರಲಿರುವ ವಿಮಾನ ಅಂದು ಎಷ್ಟು ಸಲ ಹಾರಿತು ಎಂದು ಎಣಿಸಬಹುದು. ಹಾರುವ ಮೊದಲು ಈ ಕೆಲಸ ಮಾಡಿಯೇ ಹೋಗಿ ಎಂದು ಒತ್ತಾಯದಿಂದ ಹೇಳುತ್ತೇನೆ. ಟೈಪ್ ಮಾಡಿದ ಆ ಸಾಲುಗಳಲ್ಲಿ ಕೆಲವು ಹೆಸರುಗಳು ಒಂದು ದಿನದ ನಂತರ ಮತ್ತೆ ಕಾಣಿಸುವುದಿಲ್ಲ. ಅದನ್ನು ಓದಿದವರು ಆ ಆಸನದಲ್ಲಿ ಕೂರುವ ರೀತಿಯೇ ಬೇರೆ.

ಹಣ ಕಟ್ಟುವ ಮೊದಲು

ಈ ವಿಮಾನಗಳು ಇಂದಿನ ಪ್ರಯಾಣಿಕ ವಿಮಾನದ ಸುರಕ್ಷತಾ ಮಟ್ಟಕ್ಕೆ ಸೇರಿದವಲ್ಲ. ಅಪಾಯವನ್ನು ಅರಿತು ಒಪ್ಪಿದ್ದೇನೆ ಎಂದು ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರದ ನಿಯಮದಂತೆ ಸಹಿ ಹಾಕಬೇಕು. ಬೆನ್ನಿಗೆ ಪ್ಯಾರಾಶೂಟ್ ಕಟ್ಟುತ್ತಾರೆ, ತುರ್ತು ಬಂದರೆ ಹೊರಗೆ ಹಾರುವುದು ಹೇಗೆ ಎಂದು ತೋರಿಸುತ್ತಾರೆ. ಎತ್ತರ, ತೂಕ, ಚುರುಕುತನದ ಮಿತಿಗಳು ಸಂಸ್ಥೆಯಿಂದ ಸಂಸ್ಥೆಗೆ ಬದಲಾಗುತ್ತವೆ. ಮಂಡಿನೋವಿರುವ ಹಿರಿಯರು ಮೊದಲೇ ಕೇಳಿ ತಿಳಿದುಕೊಳ್ಳಬೇಕು. ಅವರಿಗೆ, ಅಥವಾ ಅಷ್ಟು ಹಣ ಬೇಡ ಎನ್ನುವವರಿಗೆ, ಬೇರೊಂದು ವಿಮಾನದಲ್ಲಿ ಕುಳಿತು ಪಕ್ಕದಲ್ಲೇ ಹಾರುವ ಸ್ಪಿಟ್‌ಫೈರನ್ನು ಹತ್ತಿರದಿಂದ ನೋಡುವ ಹಾರಾಟಗಳೂ ಇವೆ. ಆ ದೀರ್ಘವೃತ್ತದ ರೆಕ್ಕೆ ಪೂರ್ತಿಯಾಗಿ ಕಾಣುವುದು ಹೊರಗಿನಿಂದಲೇ.

ಹವಾಮಾನ ಕೆಟ್ಟರೆ ಹಾರಾಟ ಮುಂದೂಡುತ್ತಾರೆ, ಇಂಗ್ಲೆಂಡಿನಲ್ಲಿ ಹವಾಮಾನ ಕೆಡುವುದು ದಿನದ ಮಾತು. ಊರಿನಿಂದ ಹೋಗುವವರು ಪ್ರವಾಸದ ಮೊದಲ ವಾರದಲ್ಲೇ ದಿನ ಹಿಡಿಯಲಿ. ಕೊನೆಯ ದಿನಕ್ಕೆ ಇಟ್ಟುಕೊಂಡರೆ ಹಾರದೆ ಮರಳಬೇಕಾದೀತು. ಇನ್ನೊಂದು ಮಾತು. ಒಂದೇ ಸಂಸ್ಥೆಯಲ್ಲಿ ಎರಡು ಆಸನದ ವಿಮಾನ ಒಂದಕ್ಕಿಂತ ಹೆಚ್ಚಿರಬಹುದು. ದುರಸ್ತಿಯ ಕಾರಣಕ್ಕೆ ಆ ದಿನ ಬೇರೊಂದನ್ನು ಮುಂದೆ ನಿಲ್ಲಿಸಲೂಬಹುದು, ಮಾಲೀಕತ್ವ ಮತ್ತು ನೆಲೆ ಕೂಡ ಬದಲಾಗುತ್ತಿರುತ್ತವೆ. ಆದ್ದರಿಂದ ಹಣ ಕಟ್ಟುವಾಗಲೇ ನಿಮಗೆ ಬೇಕಾದ ಸೀರಿಯಲ್ ಸಂಖ್ಯೆಯನ್ನು ಪತ್ರದಲ್ಲಿ ಬರೆಸಿಕೊಳ್ಳಿ. ಆ ವಿಮಾನ ಅಂದು ಸಿಗದಿದ್ದರೆ ದಿನ ಬದಲಾಯಿಸಿಕೊಡುತ್ತಾರೆಯೇ ಎಂಬ ಪ್ರಶ್ನೆಗೂ ಅದೇ ಪತ್ರದಲ್ಲಿ ಲಿಖಿತ ಉತ್ತರ ಪಡೆಯಿರಿ.